ಬಿಸಿಲು ಬಂತಂತ ನಾಯಿ ಬೋಳಿಸಬ್ಯಾಡ್ರಿ: ಎರಡು ಪದರ ತುಪ್ಪಳದ ನಾಯಿಗಳ ಬೇಸಿಗೆ ಆರೈಕೆ



ಶಿವರಾತ್ರಿ ದಾಟಿತು ಅಂದರೆ ಗದಗ ಸೀಮೆಯಲ್ಲಿ ಬಿಸಿಲು ಏರತೊಡಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಮಧ್ಯಾಹ್ನದ ಉಷ್ಣತೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಹೊಸದಲ್ಲ. ಬೇಸಿಗೆಯಲ್ಲಿ ಎತ್ತು, ಎಮ್ಮೆ, ಆಡು, ಕುರಿಗಳನ್ನು ನೋಡಿಕೊಳ್ಳುವುದು ನಮಗೆ ರೂಢಿ ಇದೆ. ಆದರೆ ಹೊಲದ ಮನೆ ಕಾಯುವ ನಾಯಿ ಹೇಗಿದೆ ಅಂತ ನೋಡುವವರು ಕಡಿಮೆ. ಈ ವಾರ ಅದರ ಸರದಿ.

ಬಿಂಕದಕಟ್ಟಿ, ಹುಲಕೋಟಿ, ಲಕ್ಕುಂಡಿ ಕಡೆಯ ತೋಟದ ಮನೆಗಳಿರಲಿ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಕಡೆಯ ಊರುಗಳಿರಲಿ, ಈಗ ಬರೀ ನಾಟಿ ನಾಯಿ ಸಾಕುವ ಕಾಲ ಹೋಗಿದೆ. ಕಾವಲಿಗೆ ಜರ್ಮನ್ ಶೆಫರ್ಡ್, ಮಕ್ಕಳ ಆಸೆಗೆ ಲ್ಯಾಬ್ರಡಾರ್, ಮನೆಯೊಳಗೆ ಬಿಳಿ ಪಾಮೇರಿಯನ್ ತಂದವರು ಬಹಳ ಜನ. ಇವೆಲ್ಲ ಎರಡು ಪದರದ ತುಪ್ಪಳ ಇರುವ ನಾಯಿಗಳು. ಬೇಸಿಗೆ ಬಂದಾಗ ಇವುಗಳನ್ನು ನೋಡಿ ಮನೆಯವರಿಗೆ ಕರುಳು ಚುರ್ ಅನ್ನುತ್ತದೆ. “ಪಾಪ, ಕಂಬಳಿ ಹೊದ್ದುಕೊಂಡಂಗ ಐತಿ, ಬೋಳಿಸಿ ಬಿಡೋಣು” ಅಂತ ಕತ್ತರಿ ಇಲ್ಲವೇ ಮಶೀನು ಹಿಡಿಯುತ್ತಾರೆ.

ಕಾಳಜಿ ಸರಿಯಾದದ್ದೇ, ಆದರೆ ದಾರಿ ತಪ್ಪು. ಬೋಳಿಸಿದರೆ ನಾಯಿ ತಂಪಾಗುವುದಿಲ್ಲ, ಬಿಸಿಲಿಗೆ ಇನ್ನಷ್ಟು ಬೆತ್ತಲಾಗುತ್ತದೆ. ಬೇಸಿಗೆಯಲ್ಲಿ ತೆಗೆಯಬೇಕಾದದ್ದು ಸತ್ತು ಉದುರಿದ ಒಳತುಪ್ಪಳವನ್ನು ಮಾತ್ರ, ಅದೂ ಬಾಚಣಿಗೆಯಿಂದ. ಯಾಕೆ, ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಎರಡು ಪದರ ಅಂದರೆ ಏನು?

ನಿಮ್ಮ ನಾಯಿಯ ಬೆನ್ನಿನ ಮೇಲೆ ಕೂದಲನ್ನು ಎರಡೂ ಕೈಯಿಂದ ಇಬ್ಭಾಗ ಮಾಡಿ ನೋಡಿ. ಮೇಲೆ ಉದ್ದ, ಒರಟು, ಹೊಳೆಯುವ ಕೂದಲು ಕಾಣುತ್ತದೆ. ಇದು ಹೊರತುಪ್ಪಳ. ಅದರ ಬುಡದಲ್ಲಿ ಹತ್ತಿಯ ಅರಳೆಯಂಥ ಮೆತ್ತನೆಯ, ಬಣ್ಣ ಸ್ವಲ್ಪ ತಿಳಿಯಾದ ಕೂದಲು ದಟ್ಟವಾಗಿ ಇದ್ದರೆ ಅದು ಒಳತುಪ್ಪಳ. ಎರಡೂ ಇದ್ದರೆ ನಿಮ್ಮದು ಎರಡು ಪದರದ ನಾಯಿ.

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಾಮೇರಿಯನ್, ಹಸ್ಕಿ ಈ ಗುಂಪಿಗೆ ಸೇರಿದವು. ಲ್ಯಾಬ್ರಡಾರ್ ಕೂದಲು ಗಿಡ್ಡ ಇರುವುದರಿಂದ ಅದಕ್ಕೆ ಒಳತುಪ್ಪಳ ಇಲ್ಲ ಅಂತ ಎಷ್ಟೋ ಜನ ತಿಳಿಯುತ್ತಾರೆ. ಬಾಚಿ ನೋಡಿದರೆ ಗೊತ್ತಾಗುತ್ತದೆ, ಒಂದು ಪುಟ್ಟಿ ತುಂಬ ಬರುತ್ತದೆ.

ನಮ್ಮ ಮುಧೋಳ ನಾಯಿಯದು ಮೈಗೆ ಅಂಟಿದ ನುಣುಪಾದ ಗಿಡ್ಡ ಕೂದಲು, ಈ ತರಹದ ದಟ್ಟ ಒಳಪದರ ಅದಕ್ಕಿಲ್ಲ. ಶಿಟ್ಜು, ಪೂಡಲ್ ತರಹದವಕ್ಕೆ ಕೂದಲು ಮನುಷ್ಯರ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ, ಅವನ್ನು ಕತ್ತರಿಸಲೇಬೇಕು. ಹಾಗಾಗಿ ಪಕ್ಕದ ಮನೆಯವರು ಶಿಟ್ಜುಗೆ ಮಾಡಿಸಿದ್ದನ್ನು ನಿಮ್ಮ ಶೆಫರ್ಡ್‌ಗೆ ಮಾಡಿಸಬೇಡಿ.

ಕುರಿ ಕತ್ತರಿಸ್ತೀವಿ, ಎಮ್ಮಿ ಬೋಳಿಸ್ತೀವಿ, ನಾಯಿಗ್ಯಾಕ ಬ್ಯಾಡ?

ರೈತರು ಕೇಳುವ ನ್ಯಾಯವಾದ ಪ್ರಶ್ನೆ ಇದು.

ಕುರಿಯ ಉಣ್ಣೆ ನಿಲ್ಲದೆ ಬೆಳೆಯುತ್ತದೆ. ಕತ್ತರಿಸದಿದ್ದರೆ ಗಂಟಾಗಿ, ಕೊಳೆಯಾಗಿ ಅದಕ್ಕೇ ಭಾರ. ಕತ್ತರಿಸಿದರೆ ಅದೇ ತರಹದ ಉಣ್ಣೆ ಮತ್ತೆ ಬರುತ್ತದೆ, ನಮಗೆ ಕಂಬಳಿಯೂ ಆಗುತ್ತದೆ. ಅಷ್ಟಾದರೂ ಆಗಷ್ಟೇ ಕತ್ತರಿಸಿದ ಕುರಿಗೆ ಸುಡುಬಿಸಿಲಿನಲ್ಲಿ ನೆರಳಿಲ್ಲದಿದ್ದರೆ, ಮೈಮೇಲೆ ತುಸು ಉಣ್ಣೆ ಇರುವ ಕುರಿಗಿಂತ ಅದು ಹೆಚ್ಚು ಬಳಲುತ್ತದೆ. ಉಣ್ಣೆಯ ತುದಿ ಬಿಸಿಯಾದರೂ ಬುಡದ ಚರ್ಮದ ತನಕ ಆ ಬಿಸಿ ಪೂರ್ತಿ ಇಳಿಯುವುದಿಲ್ಲ.

ಎಮ್ಮೆಗೆ ಮೊದಲೇ ಕೂದಲು ವಿರಳ. ಹೇನು, ಕೊಳೆ ಹೋಗಲಿ ಅಂತ ಬೋಳಿಸುತ್ತೇವೆ. ಬೋಳಿಸಿದ ಮೇಲೆ ಮೈಗೆ ಎಣ್ಣೆ ಹಚ್ಚುತ್ತೇವೆ, ಕೆರೆಗೋ ಹಳ್ಳಕ್ಕೋ ಬಿಡುತ್ತೇವೆ. ಅದರ ಚರ್ಮ ದಪ್ಪ, ಕಪ್ಪು.

ನಾಯಿಯದು ಬೇರೆ ಲೆಕ್ಕ. ಅದರ ಕೂದಲು ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ, ಕೆಲಕಾಲ ಇದ್ದು ಉದುರುತ್ತದೆ, ಹೊಸದು ಬರುತ್ತದೆ. ತುಪ್ಪಳದ ಕೆಳಗಿನ ಚರ್ಮ ತೆಳು. ಬಿಳಿ, ಕಂದು ಬಣ್ಣದ ನಾಯಿಗಳಲ್ಲಿ ನಸುಗೆಂಪಾಗಿ, ಮಗುವಿನ ಮೈಯಂತೆ ಇರುತ್ತದೆ. ಹುಟ್ಟಿದಾಗಿನಿಂದ ಬಿಸಿಲು ಕಾಣದ ಚರ್ಮ ಅದು.

ಮಣ್ಣಿನ ಮಾಳಿಗೆ, ತಗಡಿನ ಶೆಡ್ಡು

ಮಣ್ಣು ಹಾಕಿದ ಹಳೇ ಮಾಳಿಗೆ ಮನೆಯೊಳಗೆ ಮಧ್ಯಾಹ್ನ ಎರಡು ಗಂಟೆಗೂ ಕೂರಬಹುದು. ತಗಡಿನ ಶೆಡ್ಡಿನೊಳಗೆ ಹತ್ತು ನಿಮಿಷ ಕೂರಲು ಆಗುವುದಿಲ್ಲ. ಎರಡೂ ಚಾವಣಿಗೆ ಬೀಳುವ ಬಿಸಿಲು ಒಂದೇ. ಆದರೆ ಮಾಳಿಗೆಯ ದಪ್ಪ ಪದರ ಬಿಸಿಯನ್ನು ನಿಧಾನಕ್ಕೆ ಇಳಿಸುತ್ತದೆ. ನಾಯಿಯ ಹೊರತುಪ್ಪಳ ಮಾಡುವುದು ಇದೇ ಕೆಲಸ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ಅದು ತಡೆಯುತ್ತದೆ.

ಆದರೆ ಹಳೇ ಮಾಳಿಗೆಗೂ ಬೆಳಕಿಂಡಿ ಇರುತ್ತದೆ, ಅದನ್ನು ಮುಚ್ಚಿದರೆ ಒಳಗೆ ಉಬ್ಬಸ. ಹಾಗೆಯೇ ಉದುರಿದ ಒಳತುಪ್ಪಳ ಹೊರಬೀಳದೆ ಹೊರಕೂದಲಿನ ನಡುವೆ ಸಿಕ್ಕಿಕೊಂಡರೆ ಗಾಳಿ ಆಡುವುದಿಲ್ಲ, ಬೆವರಿದ ಚಾದರ ಹೊದ್ದಂತೆ ಆಗುತ್ತದೆ. ಬಾಚಿ ತೆಗೆಯುವುದು ಅಂದರೆ ಈ ಬೆಳಕಿಂಡಿ ತೆರೆದಂತೆ. ಬೋಳಿಸುವುದು ಅಂದರೆ ಮಾಳಿಗೆಯನ್ನೇ ಕಿತ್ತಂತೆ.

ಇದಕ್ಕೆ ನಿಸರ್ಗದಲ್ಲೇ ಸಾಕ್ಷಿ ಇದೆ. ನಮ್ಮಿಂದ ಪೂರ್ವಕ್ಕೆ, ಹಂಪಿಯ ಆಚೆ ದರೋಜಿ ಕರಡಿಧಾಮದ ಬಂಡೆಗುಡ್ಡಗಳಲ್ಲಿ ಇರುವುದು ಉದ್ದನೆಯ ಕಪ್ಪು ಕೂದಲಿನ ಕರಡಿಗಳು. ಅಂಥ ಬಿಸಿಲಿನಲ್ಲಿ ಅಷ್ಟು ಕೂದಲು ಹೇಗೆ ತಾಳುತ್ತವೆ? ಕೂದಲು ಉದ್ದ ಇದ್ದರೂ ಈ ಕರಡಿಗೆ ಒಳತುಪ್ಪಳ ಇಲ್ಲ. ಹಗಲು ಬಂಡೆಗಳ ಸಂದಿಯಲ್ಲಿ, ಗವಿಯಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಹೊರಬೀಳುತ್ತದೆ. ಹೊರಕೂದಲು ಇರಬೇಕು, ಒಳಗೆ ಗಾಳಿ ಆಡಬೇಕು, ಬಿಸಿಲಿನ ಹೊತ್ತಿಗೆ ನೆರಳು ಬೇಕು. ನಮ್ಮ ನಾಯಿಗೂ ಇದೇ ಸೂತ್ರ.

ನಾಯಿ ತಂಪಾಗುವುದು ಬಾಯಿಯಿಂದ

ನಮ್ಮ ಹಾಗೆ ನಾಯಿ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರು ಗ್ರಂಥಿಗಳು ಹೆಚ್ಚಾಗಿ ಇರುವುದು ಅಂಗಾಲಿನಲ್ಲಿ, ಅದರಿಂದ ಸಿಗುವ ತಂಪು ಅತ್ಯಲ್ಪ. ಬೋಳಿಸಿದ ಚರ್ಮದಿಂದ ಬೆವರು ಆರಿ ತಂಪಾಗುತ್ತದೆ ಅನ್ನುವುದು ಮನುಷ್ಯರ ಲೆಕ್ಕ, ನಾಯಿಗೆ ಅದು ಕೂಡುವುದಿಲ್ಲ.

ನಾಯಿ ತಂಪಾಗುವುದು ತೇಕುವುದರಿಂದ. ಸುಮ್ಮನೆ ಇದ್ದಾಗ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುವ ನಾಯಿ, ಸೆಕೆಯಾದಾಗ 300ಕ್ಕೂ ಹೆಚ್ಚು ಸಲ ತೇಕಬಲ್ಲದು. ನಾಲಿಗೆ, ಬಾಯಿ, ಮೂಗಿನೊಳಗಿನ ತೇವ ಆರುವಾಗ ರಕ್ತ ತಂಪಾಗುತ್ತದೆ. ಹೀಗೆ ಆರಲು ನೀರು ಬೇಕು, ಒಣ ಗಾಳಿ ಬೇಕು. ನಮ್ಮ ಕಡೆ ಗಾಳಿ ಬಹುಪಾಲು ಒಣ ಇರುವುದರಿಂದ ಅನುಕೂಲ. ಆದರೆ ಮೇ ತಿಂಗಳಲ್ಲಿ ಅಡ್ಡಮಳೆಗೆ ಮುಂಚೆ ಗಾಳಿ ನಿಂತು ಗುಮ್ಮೆಂದು ಸೆಕೆ ಆಗುತ್ತದಲ್ಲ, ಆ ದಿನಗಳಲ್ಲಿ ತೇಕಿದರೂ ನಾಯಿ ತಂಪಾಗುವುದಿಲ್ಲ. ಬಿಸಿಲು ಕಡಿಮೆ ಇದೆ ಅಂತ ಆವತ್ತು ಮೈಮರೆಯಬಾರದು.

ಇದರಿಂದ ಇನ್ನೊಂದು ಮಾತು ತಿಳಿಯಬೇಕು. ಬೇಸಿಗೆಯಲ್ಲಿ ನಾಯಿಯ ಬಾಯಿಗೆ ಹಗ್ಗ ಬಿಗಿಯುವುದು, ಬಾಯಿ ತೆರೆಯಲಾಗದ ಬಟ್ಟೆಯ ಮುಖವಾಡ ಹಾಕುವುದು ಅದರ ಪ್ರಾಣಕ್ಕೇ ಕುತ್ತು.

ಬೋಳಿಸಿದರೆ ಆಗುವ ತೊಂದರೆಗಳು

- ಚರ್ಮ ನೇರ ಬಿಸಿಲಿಗೆ ಸಿಕ್ಕಿ ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ, ಹುಣ್ಣಾಗುತ್ತದೆ.
- ಸೊಳ್ಳೆ, ನೊಣ ಸಲೀಸಾಗಿ ಕಚ್ಚುತ್ತವೆ. ಜಾಲಿಮುಳ್ಳು, ಬೇಲಿ ತಂತಿ ತರಚುತ್ತದೆ.
- ಮೆತ್ತನೆಯ ಒಳತುಪ್ಪಳ ಬೇಗ ಬೆಳೆಯುತ್ತದೆ, ಒರಟು ಹೊರತುಪ್ಪಳ ನಿಧಾನ. ಆಗ ಮೈಮೇಲೆ ಅರಳೆ ಅಂಟಿಸಿದಂತೆ ಆಗಿ ಗಾಳಿ ಆಡುವುದಿಲ್ಲ. ತಂಪಾಗಲಿ ಅಂತ ಬೋಳಿಸಿದ್ದು ಮುಂದಿನ ಬೇಸಿಗೆಗೆ ಹೆಚ್ಚು ಸೆಕೆ ತರುತ್ತದೆ.
- ಕೆಲವು ನಾಯಿಗಳಿಗೆ ಬೋಳಿಸಿದ ಜಾಗದಲ್ಲಿ ಆರು ತಿಂಗಳು, ವರ್ಷ ಕಳೆದರೂ ಕೂದಲು ಬರುವುದಿಲ್ಲ. ಬಂದರೂ ತೇಪೆ ತೇಪೆಯಾಗಿ, ಬಣ್ಣ ಬದಲಾಗಿ ಬರಬಹುದು. ಪಾಮೇರಿಯನ್, ಹಸ್ಕಿ ಜಾತಿಗಳಲ್ಲಿ ಇದು ಹೆಚ್ಚು.

“ನಾವು ಹೋದ ವರ್ಷ ಬೋಳಿಸಿದ್ವಿ, ಏನೂ ಆಗಲಿಲ್ಲ, ಚೆಂದ ಆಡಿತು” ಅನ್ನುವವರೂ ಇದ್ದಾರೆ. ಬೋಳಿಸಿದ ಪ್ರತಿ ನಾಯಿಗೂ ರೋಗ ಬರುತ್ತದೆ ಅಂತಲ್ಲ. ಗಂಟುಗಟ್ಟಿದ ತುಪ್ಪಳ ಹೋದ ಕೂಡಲೇ ನಾಯಿಗೆ ಹಗುರ ಅನ್ನಿಸುವುದು ನಿಜ. ಆದರೆ ಆ ಹಗುರ ಬಾಚಿದರೂ ಸಿಗುತ್ತದೆ, ಮೇಲಿನ ಯಾವ ಅಪಾಯವೂ ಇಲ್ಲದೆ.

ಬಾಚುವ ಕ್ರಮ

ಈ ನಾಯಿಗಳು ವರ್ಷಕ್ಕೆ ಎರಡು ಸಲ ಜೋರಾಗಿ ಕೂದಲು ಉದುರಿಸುತ್ತವೆ. ಹಗಲು ಉದ್ದವಾಗುತ್ತ ಬಂದಂತೆ, ಅಂದರೆ ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನಲ್ಲಿ ಒಂದು ಸಲ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸಲ. ಸದಾ ಮನೆಯೊಳಗೆ ದೀಪದ ಬೆಳಕಿನಲ್ಲಿ ಇರುವ ನಾಯಿ ವರ್ಷವಿಡೀ ಅಷ್ಟಷ್ಟು ಉದುರಿಸಬಹುದು. ಉದುರುವ ಮೂರು ನಾಲ್ಕು ವಾರ ದಿನಾ ಹದಿನೈದು ನಿಮಿಷ ಬಾಚಿದರೆ ಬೇಸಿಗೆಯ ಅರ್ಧ ಕೆಲಸ ಮುಗಿಯಿತು. ಉಳಿದ ದಿನ ವಾರಕ್ಕೆ ಎರಡು ಸಲ ಸಾಕು.

ಬೇಕಾದ ಸಾಮಾನು ಎರಡೇ. ಒಂದು, ಉದ್ದ ಮೊಂಡು ಹಲ್ಲಿನ ಬಾಚಣಿಗೆ, ಪೇಟೆಯಲ್ಲಿ ಅಂಡರ್‌ಕೋಟ್ ರೇಕ್ ಅಂತ ಕೇಳಿ. ಇನ್ನೊಂದು, ಸಣ್ಣ ತಂತಿಗಳ ಸ್ಲಿಕರ್ ಬ್ರಷ್. ಬ್ಲೇಡಿನಂಥ ಚೂಪು ಹಲ್ಲಿನ ಸಾಧನ ಹೊರಕೂದಲನ್ನೂ ಕತ್ತರಿಸುತ್ತದೆ, ಅದು ಬೇಡ.

1. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ನೆರಳಿನಲ್ಲಿ ಕೂಡ್ರಿಸಿ. ಹೊರಗಡೆ ಮಾಡ್ರಿ, ಮನೆಯೊಳಗೆ ಮಾಡಿದರೆ ಊಟದ ತಾಟಿನಲ್ಲೂ ಕೂದಲು ಸಿಗುತ್ತದೆ.
2. ಮೊದಲು ಬರಿಗೈ ಆಡಿಸಿ. ಗಂಟು, ಗಾಯ, ಉಣ್ಣಿ, ಮುಳ್ಳು ಇದೆಯೇ ನೋಡಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಬಾಲದ ಬುಡ ಬಿಡಬೇಡಿ.
3. ಹಿಂಗಾಲಿನ ತೊಡೆಯಿಂದ ಶುರು ಮಾಡಿ. ಒಳತುಪ್ಪಳ ಹೆಚ್ಚು ತುಂಬುವುದು ತೊಡೆ, ಬಾಲದ ಬುಡ ಮತ್ತು ಕತ್ತಿನ ಸುತ್ತ.
4. ಒಂದು ಕೈಯಿಂದ ಹೊರಕೂದಲು ಮೇಲೆತ್ತಿ ಹಿಡಿದು, ಬುಡದಿಂದ ಕೂದಲು ಬೆಳೆದ ದಿಕ್ಕಿಗೆ ಬಾಚಿ. ಚರ್ಮಕ್ಕೆ ಒತ್ತಬೇಡಿ. ನಿಮ್ಮ ಮುಂಗೈ ಮೇಲೆ ಅಷ್ಟೇ ಒತ್ತಿ ನೋಡಿ, ನೋವಾದರೆ ಅದು ಹೆಚ್ಚಾಯಿತು.
5. ಗಂಟು ಸಿಕ್ಕರೆ ಎಳೆಯಬೇಡಿ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಿನಿಂದ ಬಿಡಿಸಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪ ಬಿಡಿಸುತ್ತ ಹೋಗಿ.
6. ಬಾಚಣಿಗೆಗೆ ಬರುವ ಅರಳೆ ಕಡಿಮೆಯಾಗಿ, ಕೂದಲು ಊದಿದರೆ ಚರ್ಮ ಕಾಣಿಸಿದರೆ ಆವತ್ತಿಗೆ ಸಾಕು. ಒಂದೇ ದಿನ ಎಲ್ಲ ತೆಗೆಯುವ ಹಟ ಬೇಡ.

ಸ್ನಾನ: ಬಾಚಿದ ಮೇಲೆ, ಬುಡ ಒಣಗುವ ತನಕ

ಬಾಚದೆ ಸ್ನಾನ ಮಾಡಿಸಿದರೆ ಗಂಟುಗಳು ನೆನೆದು ಬಿಗಿದು ಹಗ್ಗದಂತಾಗುತ್ತವೆ. ಹಾಗಾಗಿ ಮೊದಲು ಬಾಚಿ, ಆಮೇಲೆ ನೀರು. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಬಟ್ಟೆ ಸೋಪು, ಡಿಟರ್ಜೆಂಟ್ ಪುಡಿ ಬೇಡವೇ ಬೇಡ, ನಾಯಿಯ ಶಾಂಪೂ ಬಳಸಿ. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ಬೇಗ ಬಿಡುವುದಿಲ್ಲ. ಎರಡು ಬಕೆಟ್ ನೀರು ಹೆಚ್ಚು ಹೋದರೂ ಪೂರ್ತಿ ತೊಳೆಯಿರಿ.

ಮುಖ್ಯವಾದದ್ದು ಒಣಗಿಸುವುದು. ಮೇಲೆ ಒಣಗಿದಂತೆ ಕಂಡರೂ ಒಳತುಪ್ಪಳದಲ್ಲಿ ನೀರು ನಿಂತಿರುತ್ತದೆ. ಹಸಿ ಬುಡ, ಸೆಕೆ ಎರಡೂ ಕೂಡಿದರೆ ರಾತ್ರೋರಾತ್ರಿ ಕೆಂಪಗೆ ಒಸರುವ ಹುಣ್ಣು ಏಳುತ್ತದೆ. ಬೆಳಿಗ್ಗೆಯೇ ಮೈ ತೊಳೆದು, ಟವೆಲಿನಿಂದ ಒತ್ತಿ ಒರೆಸಿ, ಗಾಳಿ ಆಡುವ ನೆರಳಿನಲ್ಲಿ ಬಾಚುತ್ತ ಒಣಗಿಸಿ.

ದಿನಾ ಮಧ್ಯಾಹ್ನ ಬೆನ್ನ ಮೇಲೆ ನಾಲ್ಕು ತಂಬಿಗೆ ನೀರು ಚೆಲ್ಲುವ ರೂಢಿಯೂ ಬೇಡ. ಅದು ಮೇಲೆಯೇ ಜಾರಿ, ಅರ್ಧ ಒಳಗೆ ನಿಂತು ಆವಿಯಾಗುತ್ತದೆ. ಸೆಕೆ ಅನ್ನಿಸಿದರೆ ಕೂದಲು ಕಡಿಮೆ ಇರುವ ಹೊಟ್ಟೆ, ತೊಡೆಸಂದಿ, ಕಂಕುಳು, ಪಾದ ಒದ್ದೆ ಮಾಡಿ. ನಾಯಿಯೇ ಇಳಿದು ಮಲಗುವಂತೆ ಅಗಲ ಬುಟ್ಟಿಯಲ್ಲಿ ನಾಲ್ಕು ಬೆರಳು ನೀರು ಇಟ್ಟರೆ ಇನ್ನೂ ಒಳ್ಳೆಯದು.

ಕತ್ತರಿ ಎಲ್ಲಿ ಹಿಡಿಯಬಹುದು?

ಕತ್ತರಿ ಮುಟ್ಟಲೇಬಾರದು ಅಂತಲ್ಲ. ಅಂಗಾಲಿನ ಬೆರಳುಗಳ ನಡುವಿನ ಕೂದಲು, ಗುದದ್ವಾರದ ಸುತ್ತಲಿನ ಕೂದಲು, ನೆಲ ಗುಡಿಸುವಂತೆ ಇಳಿದ ಹೊಟ್ಟೆ ಮತ್ತು ತೊಡೆಯ ತುದಿಗೂದಲನ್ನು ಅಳತೆಗೆ ಕತ್ತರಿಸಬಹುದು. ಗಾಯಕ್ಕೆ ಹುಳ ಬಿದ್ದಾಗ, ಆಪರೇಶನ್ ಮಾಡುವಾಗ, ಕಜ್ಜಿಗೆ ಔಷಧಿ ಹಚ್ಚಬೇಕಾದಾಗ, ಬಿಡಿಸಲಾಗದಷ್ಟು ಗಂಟುಗಟ್ಟಿ ಚರ್ಮ ಎಳೆಯುತ್ತಿದ್ದಾಗ ವೈದ್ಯರು ಆ ಜಾಗ ಬೋಳಿಸುತ್ತಾರೆ. ಅದು ಚಿಕಿತ್ಸೆ.

ಈಗಾಗಲೇ ಬೋಳಿಸಿ ಆಗಿದ್ದರೆ ಗಾಬರಿ ಬೇಡ. ಕೂದಲು ಬರುವ ತನಕ ಹತ್ತರಿಂದ ಐದು ಗಂಟೆವರೆಗೆ ಬಿಸಿಲಿಗೆ ಬಿಡಬೇಡಿ. ಚರ್ಮ ಕೆಂಪಾದರೆ ಮನುಷ್ಯರ ಕ್ರೀಮು ಹಚ್ಚದೆ ವೈದ್ಯರಿಗೆ ತೋರಿಸಿ. ಹೊಸ ಕೂದಲು ಬರುವಾಗ ವಾರಕ್ಕೆ ಮೂರು ಸಲ ಹಗುರವಾಗಿ ಬಾಚಿ. ಕೂದಲು ಪ್ರೋಟೀನಿನಿಂದಲೇ ಆಗುವುದು, ಬರೀ ರೊಟ್ಟಿ, ಅನ್ನ ಹಾಕಿದರೆ ಸಾಲದು, ಬೇಯಿಸಿದ ಮೊಟ್ಟೆ ಅಥವಾ ಮಾಂಸ ಕೊಡಿ. ಆರು ತಿಂಗಳಾದರೂ ಬರದಿದ್ದರೆ ಥೈರಾಯ್ಡ್ ದೋಷ ಇದೆಯೇ ಅಂತ ಪರೀಕ್ಷೆ ಮಾಡಿಸಬೇಕಾಗುತ್ತದೆ.

ತುಪ್ಪಳಕ್ಕಿಂತ ದೊಡ್ಡದು ನೆರಳು, ನೀರು

ಬಾಚಿದ ತುಪ್ಪಳ ಬಿಸಿಲನ್ನು ತಡೆಯುತ್ತದೆ, ಆದರೆ ನಾಯಿಯನ್ನು ತಂಪು ಮಾಡುವ ಯಂತ್ರವಲ್ಲ. ಹೊಲದ ಮನೆಗಳಲ್ಲಿ ಬೇಸಿಗೆಗೆ ನಾಯಿ ಸಾಯುವುದು ಹೆಚ್ಚಾಗಿ ಸರಪಳಿಯಿಂದ. ಬೆಳಿಗ್ಗೆ ಏಳಕ್ಕೆ ನೆರಳು ಇದ್ದ ಜಾಗದಲ್ಲಿ ಕಟ್ಟಿ ಹೊಲಕ್ಕೆ ಹೋಗುತ್ತಾರೆ. ಹನ್ನೆರಡಕ್ಕೆ ನೆರಳು ಸರಿದಿರುತ್ತದೆ, ಸರಪಳಿ ಸರಿಯುವುದಿಲ್ಲ. ನೀರಿನ ಬುಟ್ಟಿ ಮಗುಚಿ ಬಿದ್ದಿರುತ್ತದೆ.

- ಕಟ್ಟುವುದಾದರೆ ದಿನವಿಡೀ ನೆರಳು ಬೀಳುವ ಜಾಗದಲ್ಲಿ ಕಟ್ಟಿ. ಬೇವಿನ ಮರದ ಕೆಳಗೆ ಸರಪಳಿ ಮರದ ಸುತ್ತ ತಿರುಗುವಷ್ಟು ಉದ್ದ ಇರಲಿ, ಆದರೆ ಸುತ್ತಿಕೊಂಡು ಗಿಡ್ಡ ಆಗದಂತೆ ಸಡಿಲ ಬಳೆ ಹಾಕಿ.
- ತಗಡಿನ ಗೂಡು ಇದ್ದರೆ ಮೇಲೆ ಜೋಳದ ಕಣಕಿ ಇಲ್ಲವೇ ತೆಂಗಿನ ಗರಿ ದಪ್ಪಗೆ ಹೊದಿಸಿ, ಎರಡು ಬದಿ ಗಾಳಿಗೆ ಬಿಡಿ.
- ನೀರಿಗೆ ಕಲ್ಲಿನ ಬಾನಿ ಅಥವಾ ಅಗಲ ಮಣ್ಣಿನ ಪಾತ್ರೆ ಉತ್ತಮ, ಮಗುಚುವುದಿಲ್ಲ, ತಂಪಾಗಿರುತ್ತದೆ. 30 ಕಿಲೋ ತೂಕದ ನಾಯಿಗೆ ಸಾಮಾನ್ಯ ದಿನಗಳಲ್ಲಿ ಒಂದೂವರೆ ಎರಡು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದರ ದುಪ್ಪಟ್ಟು ಬೇಕಾಗಬಹುದು. ಎರಡು ಕಡೆ ಇಡಿ, ಮಧ್ಯಾಹ್ನ ಒಮ್ಮೆ ಬದಲಿಸಿ.
- ತಿರುಗಾಟ, ಓಟ, ಆಹಾರ ಎಲ್ಲ ಬೆಳಿಗ್ಗೆ ಏಳರೊಳಗೆ, ಸಂಜೆ ಏಳರ ಮೇಲೆ. ಡಾಂಬರು ರಸ್ತೆ ಮೇಲೆ ಮುಂಗೈ ಹಿಂಭಾಗ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ.
- ಬೈಕಿನ ಹಿಂದೆ ಓಡಿಸಿಕೊಂಡು ಹೊಲಕ್ಕೆ ಹೋಗಬೇಡಿ. ಯಜಮಾನ ನಿಲ್ಲುವ ತನಕ ನಾಯಿ ನಿಲ್ಲುವುದಿಲ್ಲ, ಬೀಳುವ ತನಕ ಓಡುತ್ತದೆ.
- ನಿಲ್ಲಿಸಿದ ಕಾರು, ಟೆಂಪೋದೊಳಗೆ ಐದು ನಿಮಿಷಕ್ಕೂ ಬಿಡಬೇಡಿ.

ಬಿಂಕದಕಟ್ಟಿ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗಮನಿಸಿ. ದಪ್ಪ ತುಪ್ಪಳದ ಪ್ರಾಣಿಗಳನ್ನು ಬೇಸಿಗೆಗೆ ಅಂತ ಅಲ್ಲಿ ಯಾರೂ ಬೋಳಿಸುವುದಿಲ್ಲ. ನೆರಳು ಮತ್ತು ನೀರು, ಇವೆರಡನ್ನೇ ನೋಡಿಕೊಳ್ಳುತ್ತಾರೆ.

ಉಣ್ಣಿಗೆ ಎಣ್ಣಿ ಹೊಡೆಯೋದು ಬ್ಯಾಡ

ಬೋಳಿಸುವವರು ಹೇಳುವ ಇನ್ನೊಂದು ಕಾರಣ ಉಣ್ಣಿ. ಬೋಳಿಸಿದರೆ ಉಣ್ಣಿ ಕಾಣಿಸುತ್ತದೆ ನಿಜ, ಹತ್ತುವುದು ನಿಲ್ಲುವುದಿಲ್ಲ. ನಾಯಿಗೆ ಹತ್ತುವ ಕಂದು ಉಣ್ಣಿ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕು, ಕಲ್ಲಿನ ಸಂದಿ, ಹಳೇ ಗೋಣಿತಟ್ಟಿನ ಕೆಳಗೆ. ಗೂಡಿನ ಸಂದಿಗಳನ್ನು ಸಿಮೆಂಟು ಹಚ್ಚಿ ಮುಚ್ಚದೆ, ತಟ್ಟು ಬಿಸಿಲಿಗೆ ಹಾಕದೆ ಉಣ್ಣಿ ಹೋಗುವುದಿಲ್ಲ.

ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕ, ಎಮ್ಮೆಗೆ ಅಂತ ತಂದ ಉಣ್ಣಿ ಔಷಧಿ, ಸುಟ್ಟ ಆಯಿಲ್, ಸೀಮೆಎಣ್ಣೆ, ಇವನ್ನು ನಾಯಿಗೆ ಹಚ್ಚಬೇಡಿ. ಚರ್ಮದಿಂದ ಒಳಗೆ ಇಳಿಯುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಬೋಳಿಸಿ ತರಚಿದ ಮೈಯಾದರೆ ಇನ್ನೂ ಬೇಗ. ನಾಯಿಯ ತೂಕಕ್ಕೆ ತಕ್ಕ ಔಷಧಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ನಾಯಿ ಆಹಾರ ಬಿಟ್ಟು, ಜ್ವರ ಬಂದು, ವಸಡು ಬಿಳಚಿ, ಮೂಗಿನಲ್ಲಿ ರಕ್ತ ಬಂದರೆ ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಉಣ್ಣಿಜ್ವರ ಇರಬಹುದು, ತಡ ಮಾಡಬೇಡಿ.

ಬಿಸಿಲು ಬಡಿದರೆ ಮೊದಲ ಹತ್ತು ನಿಮಿಷ

ನಾಯಿಯ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಲ್ಲಿದ್ದ ನಾಯಿಗೆ ಅದು 104 ದಾಟಿದರೆ ಅಪಾಯ, 106 ದಾಟಿದರೆ ಮೂತ್ರಪಿಂಡ, ಮಿದುಳು, ಕರುಳು ಕೆಡಲು ಶುರು. ಥರ್ಮಾಮೀಟರ್ ಇಲ್ಲದಿದ್ದರೂ ಲಕ್ಷಣ ಹೇಳುತ್ತದೆ: ನೆರಳಿಗೆ ತಂದರೂ ನಿಲ್ಲದ ತೇಕು, ಅಂಟು ಜೊಲ್ಲು, ಕಡುಗೆಂಪು ನಾಲಿಗೆ ಮತ್ತು ವಸಡು, ಹೆಜ್ಜೆ ತಪ್ಪುವುದು, ವಾಂತಿ, ಬೇಧಿ, ಕುಸಿದು ಬೀಳುವುದು.

1. ಕೂಡಲೇ ನೆರಳಿಗೆ ತನ್ನಿ. ಸರಪಳಿ, ಪಟ್ಟಿ ಬಿಚ್ಚಿ.
2. ಮೈ ತುಂಬ ನೀರು ಸುರಿಯಿರಿ. ಎರಡು ಪದರದ ನಾಯಿಯಾದರೆ ಕೂದಲು ಬಿಡಿಸಿ ಚರ್ಮಕ್ಕೆ ಇಳಿಯುವಂತೆ, ಹೊಟ್ಟೆ, ತೊಡೆಸಂದಿ ಸೇರಿ ಎಲ್ಲ ಕಡೆ ಸುರಿಯಿರಿ. ಮೊದಲು ನಿಮ್ಮ ಕೈಮೇಲೆ ಬಿಟ್ಟು ನೋಡಿ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು, ಬಿಸಿಲಿಗೆ ಬಿದ್ದ ಪೈಪಿನ ನೀರು ಮಧ್ಯಾಹ್ನ ಸುಡುತ್ತಿರುತ್ತದೆ. ಬೋರ್ ಚಾಲೂ ಮಾಡಿ ಬಂದ ನೀರು ಅಥವಾ ಗಡಿಗೆಯ ನೀರು ಸರಿ. ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ.
3. ಫ್ಯಾನ್ ಹಾಕಿ, ಇಲ್ಲವೇ ಮೊರದಿಂದ ಬೀಸಿ. ಗಾಳಿ ಇಲ್ಲದೆ ನೀರೊಂದೇ ಸಾಲದು.
4. ಒದ್ದೆ ಗೋಣಿಚೀಲ, ಟವೆಲ್ ಮೇಲೆ ಹೊದಿಸಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಕೆಳಗೆ ಹಾಸಬಹುದು.
5. ಎಚ್ಚರ ಇದ್ದರೆ ಮುಂದೆ ನೀರು ಇಡಿ, ತಾನೇ ಕುಡಿಯಲಿ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.
6. ಮನುಷ್ಯರ ಜ್ವರದ ಗುಳಿಗೆ ಕೊಡಬೇಡಿ. ಬಿಸಿಲು ಬಡಿದದ್ದಕ್ಕೆ ಅದು ಕೆಲಸ ಮಾಡುವುದಿಲ್ಲ, ನಾಯಿಯ ಪಿತ್ತಜನಕಾಂಗ, ರಕ್ತ ಕೆಡಿಸುತ್ತದೆ.
7. ಮೈಬಿಸಿ 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಇಲ್ಲದಿದ್ದರೆ ಅತಿಯಾಗಿ ತಣ್ಣಗಾಗುತ್ತದೆ.

ತಂಪು ಮಾಡುವುದು ಮೊದಲು, ಗಾಡಿ ಹತ್ತಿಸುವುದು ಆಮೇಲೆ. ನೀವು ನೀರು ಹಾಕುತ್ತಿರುವಾಗಲೇ ಮನೆಯ ಇನ್ನೊಬ್ಬರು ಪಶು ಆಸ್ಪತ್ರೆಗೆ ಫೋನ್ ಮಾಡಲಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಮೊಬೈಲಿನಲ್ಲಿ ಇರಲಿ. ನಾಯಿ ಎದ್ದು ಬಾಲ ಅಲ್ಲಾಡಿಸಿತು ಅಂತ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಎಷ್ಟೋ ಸಲ ಮರುದಿನ, ಮೂರನೇ ದಿನ ಕಾಣಿಸಿಕೊಳ್ಳುತ್ತದೆ.

ಹೊಸದಾಗಿ ನಾಯಿ ತರುವವರಿಗೆ

ಹಿಮದ ನಾಡಿನ ಹಸ್ಕಿಯನ್ನು ಎರೆಹೊಲದ ಬಿಸಿಲಿಗೆ ತಂದು ಕಟ್ಟಬೇಡಿ. ಎಷ್ಟು ಬಾಚಿದರೂ ಅದು ಇಲ್ಲಿ ಹಗಲು ಹೊರಗೆ ಬದುಕುವ ನಾಯಿಯಲ್ಲ. ಹೊಲ ಕಾಯಲು ನಮ್ಮ ಹವೆಗೆ ಒಗ್ಗಿದ ನಾಟಿ ನಾಯಿ ಇದೆ, ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ಅವಕ್ಕೂ ನೆರಳು, ನೀರು ಬೇಕು, ಆದರೆ ತುಪ್ಪಳದ ಚಿಂತೆ ಇಲ್ಲ.

ಈಗಾಗಲೇ ಶೆಫರ್ಡ್, ಲ್ಯಾಬ್ರಡಾರ್, ಪಾಮೇರಿಯನ್ ಸಾಕಿದವರು ಈ ಭಾನುವಾರ ಒಂದು ಕೆಲಸ ಮಾಡ್ರಿ. ಬೆಳಿಗ್ಗೆ ನಾಯಿಯ ತೊಡೆಯ ಮೇಲಿನ ಕೂದಲು ಇಬ್ಭಾಗ ಮಾಡಿ ನೋಡಿ, ಅರಳೆ ತುಂಬಿದ್ದರೆ ಬಾಚಲು ಶುರು ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಕಟ್ಟುವ ಜಾಗಕ್ಕೆ ನೀವೇ ಹೋಗಿ ಹತ್ತು ನಿಮಿಷ ಕುಳಿತು ನೋಡಿ. ನಿಮಗೆ ಕೂರಲು ಆಗದಿದ್ದರೆ ಜಾಗ ಬದಲಿಸಿ.